ಹೆಣ್ಣಿನ ಮಾತು ಮೊದಲು

ಮಾರ್ಚ್ 3

ಪ್ರೀತಿಯ ಅಕ್ಕ,

ನಿನ್ನ ತಂಗಿಗೆ ಈಗ ತನ್ನ ಕಾಲ ಹೆಬ್ಬೆರಳು ಕಾಣುವುದಿಲ್ಲ. ಹೊಲಿಗೆ ಯಂತ್ರಕ್ಕೂ ನನಗೂ ನಡುವೆ ಒಂದು ಮೊಳ ದೂರ. ಕೈ ಚಾಚಿ ಬಟ್ಟೆ ತಳ್ಳಬೇಕು. ಅಂಗಡಿ ಮಾಲೀಕರು, "ಏನಮ್ಮ, ಕೋಟು ಹೊಲೀತಿದ್ಯೋ, ದೋಣಿ ನಡೆಸ್ತಿದ್ಯೋ?" ಎಂದು ನಗುತ್ತಾರೆ. ಪ್ರತಿ ಸೋಮವಾರ ಅಂಗಡಿಯ ಟೇಪಿನಲ್ಲೇ ಹೊಟ್ಟೆ ಅಳೆದು ಬೀರುವಿನ ಬಾಗಿಲ ಒಳಗೆ ಸೀಮೆಸುಣ್ಣದಲ್ಲಿ ಗೀಚಿಡುತ್ತೇನೆ. ನಮ್ಮನೆಯವರು ಕರೆಂಟ್ ಕಂಬ ಹತ್ತುವ ಆಸಾಮಿ. ಆದರೆ ನನಗೆ ಸೂಜಿ ಚುಚ್ಚುವಾಗ ಹೊರಗೆ ಓಡಿಹೋಗುತ್ತಾರೆ.

ಇಲ್ಲಿನ ಹೆರಿಗೆ ಆಸ್ಪತ್ರೆ ಚಿಕ್ಕದು. ಒಬ್ಬರು ವಯಸ್ಸಾದ ಡಾಕ್ಟರು, ಒಬ್ಬರು ಹೆಡ್ ಸಿಸ್ಟರ್, ನಾಲ್ಕು ಜನ ಸಿಸ್ಟರುಗಳು. ಡಾಕ್ಟರು ನನ್ನ ನಡಿಗೆ ನೋಡಿದ ಕೂಡಲೇ, "ಸೊಂಟಕ್ಕೆ ಯಾವಾಗ ಪೆಟ್ಟಾಗಿತ್ತು?" ಎಂದರು. ಏಳು ವರ್ಷದ ಹಿಂದೆ, ಸ್ಕೂಟರಿನಿಂದ ಬಿದ್ದು ಎಂದೆ. ಬಸುರಿಗೆ ಹೊಸದಾಗಿ ಎಕ್ಸ್‌ರೇ ತೆಗೆಸುವುದು ಬೇಡ, ಹಳೆಯ ಫಿಲ್ಮ್ ಇದ್ದರೆ ತರಿಸಿ ಎಂದಿದ್ದಾರೆ. ಅದು ಅಮ್ಮನ ಟ್ರಂಕಿನಲ್ಲಿ, ದೊಡ್ಡ ಕಂದು ಲಕೋಟೆಯಲ್ಲಿರಬೇಕು. ಹುಡುಕಿ ಕಳಿಸುತ್ತೀಯಾ?

ಅಮ್ಮನ ಕಣ್ಣು ಹೇಗಿದೆ? ಈ ಕಾಗದವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳು. ದೋಣಿಯ ಮಾತನ್ನು ಎರಡು ಸಲ ಓದು.

ನಿನ್ನ ಪುಟ್ಟಿ


ಮಾರ್ಚ್ 14

ಪುಟ್ಟಿ,

ದೋಣಿಯ ಮಾತನ್ನು ಮೂರು ಸಲ ಓದಿದೆ. ಅಮ್ಮ ಕಣ್ಣೀರು ಬರುವಷ್ಟು ನಕ್ಕಳು. ಕಣ್ಣು ಮಂಜಾದರೂ ಬೆರಳ ಲೆಕ್ಕದಲ್ಲೇ ಉಲ್ಲನ್ ಅಂಗಿ ಹೆಣೆಯುತ್ತಿದ್ದಾಳೆ. ಒಂದು ತೋಳು ಉದ್ದ, ಒಂದು ಗಿಡ್ಡ. ಹೇಳಿದರೆ, "ಮಗು ಬೆಳೆಯುತ್ತಲ್ಲ, ಸರಿಹೋಗುತ್ತೆ ಬಿಡೇ" ಎನ್ನುತ್ತಾಳೆ.

ನನಗೆ ಉಸಿರಾಡಲು ಪುರುಸೊತ್ತಿಲ್ಲ. ಈ ತಿಂಗಳು ಮೂರು ಆಸ್ಪತ್ರೆಗಳಲ್ಲಿ ಹೆರಿಗೆ ಸಿಸ್ಟರುಗಳಿಗೆ ತರಬೇತಿ ಕೊಡಬೇಕು. ಮೊದಲ ದಿನ ನಾನು ಪಾಠ ಮಾಡುವುದಿಲ್ಲ. ಬಂದ ಸಿಸ್ಟರುಗಳಲ್ಲಿ ಒಬ್ಬರನ್ನು ಹೆರಿಗೆ ಮಂಚದ ಮೇಲೆ ಮಲಗಿಸಿ, ಕಾಲೆರಡನ್ನೂ ಮೇಲೆ ಕಟ್ಟಿಸಿ, ಉಳಿದವರಿಗೆ ಬಾಗಿಲು ತಟ್ಟದೆ ಒಳಗೆ ಬಂದು ಹೋಗಿ ಎನ್ನುತ್ತೇನೆ. ಹತ್ತು ನಿಮಿಷ, ಅಷ್ಟೇ. ಮೊನ್ನೆ ಇಪ್ಪತ್ತೈದು ವರ್ಷ ಸರ್ವೀಸಾದ ಸಿಸ್ಟರ್ ಒಬ್ಬರು ಆ ಮಂಚದ ಮೇಲೆ ಅತ್ತುಬಿಟ್ಟರು. "ನಾನು ಎಷ್ಟು ಜನರಿಗೆ ಬೈದಿದ್ದೀನಿ ಮೇಡಂ" ಎಂದರು. ಆಮೇಲೆ ಗೋಡೆಯ ಮೇಲೆ ನಮ್ಮ ಮಾತನ್ನು ಬರೆಸುತ್ತೇನೆ: ಹೆಣ್ಣಿನ ಮಾತು ಮೊದಲು, ನಮ್ಮ ಕೈ ಆಮೇಲೆ.

ಟ್ರಂಕ್ ನೋಡುತ್ತೇನೆ. ಆ ಡಾಕ್ಟರು ಹಳೇ ಕಾಲದವರಿರಬೇಕು. ಕತ್ತಿ ಎತ್ತಲು ನೆಪ ಹುಡುಕುವವರು. ಹೆದರಬೇಡ.

ನಿನ್ನ ಅಕ್ಕ


ಏಪ್ರಿಲ್ 4

ಅಕ್ಕ,

ಫಿಲ್ಮ್ ಬರಲಿಲ್ಲ. ಡಾಕ್ಟರು ಮತ್ತೆ ಕೇಳಿದರು. ಈ ಸಲ ಒಳಗಿನಿಂದ ಪರೀಕ್ಷೆ ಮಾಡಿದರು. ಕೈ ತೊಳೆಯುತ್ತಾ, "ಎಡಗಡೆ ದಾರಿ ಕಿರಿದಾಗಿದೆ ಅನ್ಸುತ್ತೆ. ಫಿಲ್ಮ್ ನೋಡಿದರೆ ಗೊತ್ತಾಗುತ್ತೆ. ಮಗುವೂ ಸಣ್ಣದಲ್ಲ. ಆಪರೇಷನ್‌ಗೆ ದಿನ ಗೊತ್ತು ಮಾಡೋಣ್ವಾ?" ಎಂದರು. ನಾನು ಹೂಂ ಎಂದುಬಿಟ್ಟೆ. ನಿನಗೆ ಸಿಟ್ಟು ಬರುತ್ತದೆಂದು ಗೊತ್ತು.

ಆದರೆ ಅಕ್ಕ, ನನ್ನ ಮೈ ನನಗೆ ಗೊತ್ತಾಗುತ್ತದೆ. ಮೆಟ್ಟಿಲು ಹತ್ತುವಾಗ ಎಡಗಡೆ ಒಳಗೆ ಏನೋ ತಡೆಯುತ್ತದೆ. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟ ಹಾಗೆ. ಬಟ್ಟೆಯಾದರೆ ಬಿಚ್ಚಿ ಅಂಚು ಬಿಡಬಹುದು, ಮೂಳೆಗೆ ಅಂಚು ಎಲ್ಲಿ? ನನಗೆ ಆಪರೇಷನ್ನೇ ಬೇಕು. ಯಾರ ಬಲವಂತವೂ ಇಲ್ಲ. ಇದು ನನ್ನ ಮಾತು.

ಫಿಲ್ಮ್ ದಯವಿಟ್ಟು ಬೇಗ ಕಳಿಸು. ಇಲ್ಲವಾದರೆ ಅದರಲ್ಲಿ ಏನಿತ್ತು ಅಂತಲಾದರೂ ನೆನಪು ಮಾಡಿಕೊಂಡು ಬರೆ. ಆಗ ನನ್ನನ್ನು ಆಸ್ಪತ್ರೆಗೆ ಸೇರಿಸಿದವಳು ನೀನೇ ಅಲ್ಲವೇ.

ಪುಟ್ಟಿ


ಏಪ್ರಿಲ್ 11

ಪುಟ್ಟಿ,

ಟ್ರಂಕನ್ನೆಲ್ಲ ತೆಗೆದು ಹಾಕಿದೆ. ಫಿಲ್ಮ್ ಸಿಗಲಿಲ್ಲ. ಮನೆ ಬದಲಿಸಿದಾಗ ಎಲ್ಲೋ ಹೋಗಿರಬೇಕು. ಸಿಕ್ಕಿದ್ದರೂ ಏನೂ ಇರುತ್ತಿರಲಿಲ್ಲ. ಕೂದಲೆಳೆಯಷ್ಟು ಬಿರುಕು, ಆರು ವಾರಕ್ಕೆ ಕೂಡಿಕೊಂಡಿತು. ನೀನು ಚಿಕ್ಕಂದಿನಿಂದಲೂ ಹೀಗೆಯೇ, ಹಲ್ಲು ನೋವೆಂದರೆ ದವಡೆಯೇ ಹೋಯಿತೆಂದು ಊರು ಎಬ್ಬಿಸುತ್ತಿದ್ದೆ.

ಸಾವಿರ ಹೆರಿಗೆ ನೋಡಿದವಳು ಹೇಳುತ್ತಿದ್ದೇನೆ, ಕೇಳು. ಹೆದರಿದ ಹೆಣ್ಣಿನ ಬಾಯಿಂದ ಬರುವ ಮೊದಲ ಮಾತು "ಕೊಯ್ದುಬಿಡಿ". ಅದು ಅವಳ ಮಾತಲ್ಲ, ಭಯದ ಮಾತು. ಪಕ್ಕದಲ್ಲಿ ಒಬ್ಬಳು ತಾಳ್ಮೆಯವಳಿದ್ದರೆ ಅದೇ ಹೆಣ್ಣು ಎದ್ದು ನಡೆದಾಡಿ ಹೆರುತ್ತಾಳೆ. ನನ್ನ ತಂಗಿಯೇ ಕತ್ತಿಗೆ ಮೈಯೊಡ್ಡಿದರೆ ನಾನು ಯಾವ ಮುಖ ಇಟ್ಟುಕೊಂಡು ಪಾಠ ಹೇಳಲಿ?

ತಮಾಷೆಗೆ ಹೇಳಿದೆ. ಬೇಸರ ಮಾಡಿಕೊಳ್ಳಬೇಡ.

ಅಂದಹಾಗೆ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟ ಹಾಗೆ ಎಂದು ಬರೆದಿದ್ದೆಯಲ್ಲ, ಅದನ್ನು ನಿನ್ನೆ ತರಬೇತಿಯಲ್ಲಿ ಓದಿದೆ. ಭಯ ಹೇಗೆ ಮೈಯ ನೋವಾಗಿ ಮಾತಾಡುತ್ತದೆ ಎಂಬುದಕ್ಕೆ ಉದಾಹರಣೆಯಾಗಿ. ಯಾರದೆಂದು ಹೇಳಲಿಲ್ಲ. ಎಲ್ಲರೂ ಬರೆದುಕೊಂಡರು.

ಅಕ್ಕ


ಏಪ್ರಿಲ್ 30

ಅಕ್ಕ,

ವಿಚಿತ್ರ ನೋಡು. ಈ ವಾರ ಹೋದರೆ ಡಾಕ್ಟರು ಫಿಲ್ಮ್ ಮಾತೇ ಎತ್ತಲಿಲ್ಲ. ಆಪರೇಷನ್ ದಿನ ಕೇಳಿದರೆ, "ನೋಡೋಣಮ್ಮ, ಮೊದಲು ನೋವು ಬರಲಿ" ಎಂದು ಚೀಟಿ ಬರೆಯುತ್ತಾ ಕೂತರು. ಹೆಡ್ ಸಿಸ್ಟರ್ ನನ್ನ ಬೆನ್ನು ತಟ್ಟಿ, "ನೀವು ಧೈರ್ಯವಂತರು ಕಣ್ರೀ, ಯಾರ ತಂಗಿ ಹೇಳಿ!" ಎಂದರು. ಅವರು ನಿನ್ನ ಶಿಷ್ಯೆಯಂತೆ. ಗೋಡೆಯ ಮೇಲೆ ನಿನ್ನ ಮಾತು ದೊಡ್ಡ ಅಕ್ಷರದಲ್ಲಿದೆ. ನಿನ್ನ ಹೆಸರು ಕೇಳಿ ಇಷ್ಟು ಮರ್ಯಾದೆ ಎಂದುಕೊಂಡೆ. ಒಂದು ಕಡೆ ಹೆಮ್ಮೆ, ಒಂದು ಕಡೆ ಕಸಿವಿಸಿ.

ಅವರಲ್ಲಿ ಒಬ್ಬರು ಗಿಡ್ಡನೆಯ ಸಿಸ್ಟರ್ ಇದ್ದಾರೆ. ಮೂರು ಮಕ್ಕಳ ತಾಯಿ. ಎಲ್ಲರೂ ಗುಬ್ಬಿ ಸಿಸ್ಟರ್ ಎನ್ನುತ್ತಾರೆ. ಅವರೊಬ್ಬರೇ ನನ್ನ ಹತ್ತಿರ ಕೂತು, "ಎಲ್ಲಿ ತಡೆಯುತ್ತೆ, ನಿಮ್ಮ ಕೈಯಿಂದಲೇ ತೋರಿಸಿ" ಎಂದರು. ತೋರಿಸಿದೆ.

ಒಂದು ಬೇಡಿಕೆ. ನೀನು ಬಂದುಬಿಡು. ಮೇ ಕೊನೆಯ ವಾರ. ಆಪರೇಷನ್ನೋ, ಹೆರಿಗೆಯೋ, ನೀನು ಪಕ್ಕದಲ್ಲಿದ್ದರೆ ಏನೂ ಕೇಳುವುದಿಲ್ಲ.

ಪುಟ್ಟಿ


ಮೇ 8

ಪುಟ್ಟಿ,

ಮೇ ಕೊನೆಯ ವಾರವೇ ದೊಡ್ಡ ಸಮ್ಮೇಳನ. ನನ್ನ ಭಾಷಣ ಎರಡನೇ ದಿನ. ಬಿಡುವ ಹಾಗಿಲ್ಲ. ಜೂನ್ ಮೊದಲ ವಾರ ಅಮ್ಮನನ್ನೂ ಕರೆದುಕೊಂಡು ಬಂದು ಹದಿನೈದು ದಿನ ಇರುತ್ತೇನೆ. ಮಗುವಿಗೆ ಸ್ನಾನ ಮಾಡಿಸುವುದು ನನ್ನ ಪಾಲಿನ ಕೆಲಸ.

ನೋವು ಬಂದಾಗ ಮಲಗಬೇಡ, ನಡೆದಾಡು. ಕಿರುಚಿದರೆ ಶಕ್ತಿ ಹೋಗುತ್ತದೆ, ಉಸಿರು ಬಿಡು. ಪದೇ ಪದೇ ಗಂಟೆ ಬಾರಿಸಿ ಅವರನ್ನು ಗೋಳು ಹುಯ್ದುಕೊಳ್ಳಬೇಡ. ಹೆಡ್ ಸಿಸ್ಟರ್ ಒಳ್ಳೆಯವಳು. ಅವಳು ಹೇಳಿದ ಹಾಗೆ ಕೇಳು.

ಅಕ್ಕ


ಮೇ 30

ಅಮ್ಮನಾದ ಪುಟ್ಟಿಗೆ,

ನಿಮ್ಮನೆಯವರ ಚೀಟಿ ಬಂತು. "ಹೆರಿಗೆ ಆಯಿತು. ಆಮೇಲೆ ಬರೆಯುತ್ತೇವೆ." ಇಷ್ಟೇ! ಕಂಬ ಹತ್ತುವವರಿಗೆ ನಾಲ್ಕು ಸಾಲು ಬರೆಯಲು ಕೈ ನಡುಗಿತೇ? ಗಂಡೋ ಹೆಣ್ಣೋ ಅಂತಲೂ ಇಲ್ಲ. ಅಮ್ಮ ಹೆಣ್ಣೇ ಎನ್ನುತ್ತಾಳೆ. ಏಳು ಅಂಗಿ ಮುಗಿಸಿದ್ದಾಳೆ. ನೀನು ಬರೆಯದಿರುವುದು ನೋಡಿದರೆ ಮಗು ಹಗಲು ಹೊತ್ತು ಕೈ ಬಿಡುವು ಕೊಡುತ್ತಿಲ್ಲ ಎಂದು ಕಾಣುತ್ತದೆ. ಅಳಲಿ ಬಿಡು, ಗಟ್ಟಿ ಪುಪ್ಪುಸ.

ಸಮ್ಮೇಳನದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕತ್ತಿ ಬೇಡಿದ ಹೆಣ್ಣೊಬ್ಬಳು ಧೈರ್ಯ ತಂದುಕೊಂಡು ಸಹಜವಾಗಿ ಹೆತ್ತ ಕಥೆ ಹೇಳಿದೆ. ಅಷ್ಟು ಹೊತ್ತಿಗೆ ಚೀಟಿ ಬಂದಿರಲಿಲ್ಲ, ಆದರೂ ನಿನ್ನ ಮೇಲೆ ನನಗೆ ನಂಬಿಕೆ ಇತ್ತು.

ಹೊಸ ತರಬೇತಿಗಳು ಬಂದು ಜೂನ್ ಮೊದಲ ವಾರ ಬರಲಾಗುತ್ತಿಲ್ಲ, ಜುಲೈನಲ್ಲಿ ಬರುತ್ತೇವೆ. ಬೇಗ ಬರೆ. ಮೂಗು ಯಾರದು?

ಅಕ್ಕ


ಜೂನ್ 20

ಅಕ್ಕ,

ಮೂಗು ನಿನ್ನದು. ಗುಬ್ಬಿ ಸಿಸ್ಟರ್ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದರು. ಹೆಣ್ಣು. ಬಹಳ ಕೂದಲಿತ್ತು. ತುಟಿ ನೇರಳೆ ಬಣ್ಣ. ಉಸಿರಿರಲಿಲ್ಲ.

ಈಗ ಕೂತು ಬರೆಯುವಷ್ಟು ಆಗಿದೆ. ಬರೆಯುತ್ತೇನೆ, ಪೂರ್ತಿ ಓದು.

ಮೇ ಇಪ್ಪತ್ತೊಂದು, ಬೆಳಿಗ್ಗೆ ಆರಕ್ಕೆ ಸೇರಿದೆ. ಹತ್ತು ಗಂಟೆಗೆಲ್ಲ ನನಗೆ ತಿಳಿಯಿತು. ನೋವು ಬಂದಾಗ ಮಗು ಕೆಳಗೆ ಒತ್ತುತ್ತದೆ, ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹೆಡ್ ಸಿಸ್ಟರಿಗೆ, "ಡಾಕ್ಟರನ್ನ ಕರೀರಿ, ನಂಗೆ ಆಪರೇಷನ್ ಮಾಡಿ" ಎಂದೆ. ಅವರು ನಕ್ಕು ಹಣೆ ಒರೆಸಿದರು. "ಇದನ್ನ ಕೇಳ್ತೀರಿ ಅಂತ ನಮಗೆ ಮೊದಲೇ ಗೊತ್ತಿತ್ತು. ಉಸಿರು ಬಿಡಿ."

ಹನ್ನೆರಡಕ್ಕೆ ಮತ್ತೆ ಕೇಳಿದೆ. ಎರಡಕ್ಕೆ ಕೈ ಮುಗಿದೆ. ಮಂಚದ ಕಂಬಿ ಹಿಡಿದು, "ನಿಮ್ಮ ಗೋಡೆ ಮೇಲೆ ಏನೋ ಬರ್ದಿದೀರಲ್ಲ, ಇದು ನನ್ ಮಾತು, ಕೇಳಿ!" ಎಂದು ಕಿರುಚಿದೆ. ಆಗ ಅವರು ಹೋಗಿ ನನ್ನ ಫೈಲಿನಿಂದ ಒಂದು ಕಾಗದ ತಂದರು. ನಿಧಾನವಾಗಿ, ಮಗುವಿಗೆ ಓದಿ ಹೇಳುವ ಹಾಗೆ ಓದಿದರು. ನಿನ್ನ ಕೈಬರಹ ದೂರದಿಂದಲೇ ಕಂಡಿತು.

"ನನ್ನ ತಂಗಿ ಬಹಳ ಭಯಸ್ಥೆ. ನೋವು ಶುರುವಾದ ಕೂಡಲೇ ಆಪರೇಷನ್ ಬೇಕೆಂದು ಹಟ ಹಿಡಿಯುತ್ತಾಳೆ. ಆ ಮಾತಿಗೆ ಮಣಿಯಬೇಡಿ. ಹಳೆಯ ಪೆಟ್ಟಿನ ಫಿಲ್ಮ್ ನಾನೇ ನೋಡಿದ್ದೇನೆ. ಚಿಂತೆ ಮಾಡುವಂಥದ್ದು ಏನೂ ಇಲ್ಲ. ಅವಳಿಗೆ ಈ ಪತ್ರದ ವಿಷಯ ತಿಳಿಸುವುದು ಬೇಡ."

ಓದಿ ಮಡಚಿ, "ನೋಡಿ, ನಿಮ್ಮನ್ನ ಹೊತ್ತು ಬೆಳೆಸಿದ ಅಕ್ಕ. ನಿಮಗಿಂತ ಚೆನ್ನಾಗಿ ನಿಮ್ಮನ್ನ ಬಲ್ಲರು" ಎಂದರು. ಡಾಕ್ಟರು ಸುಮ್ಮನಾದದ್ದು ಯಾಕೆಂದು ಆಗ ಗೊತ್ತಾಯಿತು.

ಆಮೇಲೆ ನಾನು ಏನೂ ಕೇಳಲಿಲ್ಲ, ಅಕ್ಕ. ನೀನು ಬರೆದಿದ್ದೆಯಲ್ಲ, ಗೋಳು ಹುಯ್ದುಕೊಳ್ಳಬೇಡ ಎಂದು. ಹುಯ್ದುಕೊಳ್ಳಲಿಲ್ಲ.

ಗುಬ್ಬಿ ಸಿಸ್ಟರ್ ಎರಡು ಸಲ, "ಮಗು ಕೆಳಗೆ ಇಳೀತಾ ಇಲ್ಲ, ಡಾಕ್ಟರಿಗೆ ಹೇಳೋಣ" ಎಂದದ್ದು ನನಗೆ ಕೇಳಿಸಿತು. "ನಿನಗೆ ಮೇಡಂಗಿಂತ ಜಾಸ್ತಿ ಗೊತ್ತಾ?" ಎಂದು ಹೆಡ್ ಸಿಸ್ಟರ್ ಎರಡು ಗಂಟೆಯ ಹೊತ್ತಿಗೇ ಅವರನ್ನು ಆಚೆ ಕಳಿಸಿದರು. ನಾಲ್ಕೂವರೆಗೆ ಒಳಗೆ ಏನೋ ಹರಿಯಿತು. ಹಳೆಯ ಕ್ಯಾನ್ವಾಸು ಹರಿದ ಹಾಗೆ, ಒಂದೇ ಸಲ. ಆಮೇಲೆ ನೋವು ನಿಂತುಹೋಯಿತು. "ನೋಡಿದ್ರಾ, ಹೇಗೆ ಹಗುರ ಆಯ್ತು!" ಎಂದು ಹೆಡ್ ಸಿಸ್ಟರ್ ಚಹಾ ಕುಡಿಯಲು ಹೋದರು. ಗುಬ್ಬಿ ಸಿಸ್ಟರ್ ಓಡಿಬಂದು ಮಗುವಿನ ಎದೆಬಡಿತ ಕೇಳುವ ಕೊಳವೆಯನ್ನು ಹೊಟ್ಟೆಗೆ ಇಟ್ಟು ಕಿವಿ ಕೊಟ್ಟರು. ಒಂದು ಕಡೆ, ಇನ್ನೊಂದು ಕಡೆ, ಮತ್ತೆ ಮೊದಲಿನ ಕಡೆ. ಆಮೇಲೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಡಾಕ್ಟರ ಮನೆಗೆ ಓಡಿದರು.

ಗರ್ಭಚೀಲ ಹರಿದಿತ್ತು. ರಕ್ತ ನಿಲ್ಲಲಿಲ್ಲ. ಅದನ್ನೂ ತೆಗೆದರು. ಇನ್ನು ಮಕ್ಕಳಾಗುವುದಿಲ್ಲ.

ನಮ್ಮನೆಯವರು ನಿನಗೆ ಬರೆಯಲು ಕೂತು ನಾಲ್ಕು ಹಾಳೆ ಹರಿದರು. ಕೈ ನಡುಗಿದ್ದು ನಿಜ.

ತಂಗಿ


ಜೂನ್ 28

ನನ್ನ ಕಂದಾ,

ಏನು ಬರೆಯಲಿ. ಎರಡು ದಿನ ಬಾಗಿಲು ಹಾಕಿಕೊಂಡು ಅತ್ತೆ. ಅಮ್ಮನಿಗೆ ತಲೆನೋವು ಎಂದೆ. ಅವಳಿಗೆ ಇನ್ನೂ ಹೇಳಿಲ್ಲ, ಅವಳ ರಕ್ತದೊತ್ತಡ ನಿನಗೆ ಗೊತ್ತಲ್ಲ. ನೀನು ಬಾಣಂತಿ, ಬರೆಯಲು ಆಗುತ್ತಿಲ್ಲ ಎಂದು ಹೇಳಿದ್ದೇನೆ.

ಆ ಪತ್ರ ಬರೆದದ್ದು ನಿನ್ನ ಒಳ್ಳೆಯದಕ್ಕೆ. ನೀನು ಚೆನ್ನಾಗಿರಲಿ ಎಂದು. ದೇವರಾಣೆಗೂ ಬೇರೇನಿಲ್ಲ. ಆದರೆ ಪುಟ್ಟಿ, ನನ್ನ ಪತ್ರ ಇದ್ದರೇನಂತೆ, ಎದುರಿಗಿದ್ದವರಿಗೆ ಕಣ್ಣಿರಲಿಲ್ಲವೇ? ಮಗುವಿನ ಎದೆಬಡಿತ ಅರ್ಧ ಗಂಟೆಗೊಮ್ಮೆ ಕೇಳಿ ಬರೆದಿಡುವುದು ಆ ಗುಬ್ಬಿ ಸಿಸ್ಟರ್ ಕೆಲಸ. ಅವಳ ಹಾಳೆ ಎರಡು ಗಂಟೆಯಿಂದ ಖಾಲಿ ಇದೆಯಂತೆ. ಆಸ್ಪತ್ರೆಯವರು ವಿಚಾರಣೆ ಇಟ್ಟು, ತಜ್ಞೆಯೆಂದು ನನ್ನ ಅಭಿಪ್ರಾಯ ಕೇಳಿದ್ದಾರೆ. ಅವಳನ್ನು ನಾನು ಬಿಡುವುದಿಲ್ಲ. ನಿನ್ನ ಮಗುವಿಗೆ ನ್ಯಾಯ ಸಿಗುತ್ತದೆ.

ನಿನ್ನ ಅಕ್ಕ


ಜುಲೈ 15

ಅಕ್ಕನಿಗೆ,

ಎರಡು ಗಂಟೆಯಿಂದ ಹಾಳೆ ಖಾಲಿ ಇರುವುದು ಯಾಕೆಂದರೆ ಎರಡು ಗಂಟೆಗೆ ಅವರನ್ನು ಆಚೆ ಕಳಿಸಿದ್ದರು. ಅದನ್ನು ನಿನಗೆ ಬರೆದಿದ್ದೆ. ನೀನು ಓದಿದ್ದೀಯ.

ಗುಬ್ಬಿ ಸಿಸ್ಟರನ್ನು ಕೆಲಸ ನಿಲ್ಲಿಸಿ ಮನೆಗೆ ಕಳಿಸಿದ್ದಾರೆ. ನಿನ್ನೆ ಬಂದಿದ್ದರು. ಅವರ ಬಗ್ಗೆ ನೀನು ಕೊಟ್ಟ ಅಭಿಪ್ರಾಯದ ನಕಲು ಅವರ ಕೈಯಲ್ಲಿತ್ತು. ಸಿಟ್ಟಾಗಲಿಲ್ಲ. ನನ್ನ ಹೊಲಿಗೆ ಒಣಗಿದೆಯೇ ಎಂದು ನೋಡಿ, ಕಾಲಿನ ಬಾವು ಒತ್ತಿ ನೋಡಿ, ಹೋಗುವಾಗ ಬಾಗಿಲಲ್ಲಿ ನಿಂತು, "ಆವತ್ತು ಆಚೆ ಹೋಗು ಅಂದಾಗ ನಾನು ಹೋಗಬಾರದಿತ್ತು ಅಲ್ವಾ?" ಎಂದು ಕೇಳಿದರು. ಇಷ್ಟು ದಿನದಲ್ಲಿ ಆ ಮಾತು ಕೇಳಿದವರು ಅವರೊಬ್ಬರೇ.

ಡಾಕ್ಟರು ಈಗ ಹೊಸ ಎಕ್ಸ್‌ರೇ ತೆಗೆಸಿದರು. ಕೂದಲೆಳೆಯ ಬಿರುಕಲ್ಲ. ಎಡ ಸೊಂಟದ ಮೂಳೆ ಎರಡು ಕಡೆ ಮುರಿದು, ಒಳಮುಖವಾಗಿ ಕೂಡಿದೆ. ಹೆಬ್ಬೆರಳಿನಷ್ಟು ಒಳಗೆ ಚಾಚಿದೆ. "ಹಳೇ ಫಿಲ್ಮ್ ನೋಡಿದ ಯಾವ ಸಿಸ್ಟರ್ ಆದ್ರೂ ಇದನ್ನ ಕಾಣದೆ ಇರೋಕೆ ಸಾಧ್ಯ ಇಲ್ಲ" ಎಂದರು.

ನೀನು ನನಗೆ, "ಫಿಲ್ಮ್ ಸಿಗಲಿಲ್ಲ" ಎಂದು ಬರೆದೆ. ಆಸ್ಪತ್ರೆಯವರಿಗೆ, "ನಾನೇ ನೋಡಿದ್ದೇನೆ" ಎಂದು ಬರೆದೆ. ಎರಡರಲ್ಲಿ ಯಾವುದು?

ಅಮ್ಮನ ಪಾರ್ಸೆಲ್ ಸೋಮವಾರ ಬಂತು. ಏಳು ಅಂಗಿ, ಎರಡು ಟೋಪಿ. ನಮ್ಮನೆಯವರು ಬಿಚ್ಚಿದರು. ಬಿಚ್ಚಿ ಹಾಗೇ ನೆಲದ ಮೇಲೆ ಕೂತುಬಿಟ್ಟರು. ಅಮ್ಮನಿಗೆ ಏನು ಬರೆಯಬೇಕೋ ತೋಚಲಿಲ್ಲ. ಬರೆದರೂ ಓದಿ ಹೇಳುವವಳು ನೀನು. ಆದ್ದರಿಂದ ಒಂದು ಅಕ್ಷರವನ್ನೂ ಬರೆಯದೆ ಅಂಗಿಗಳನ್ನು ಮಡಚಿ ಅವಳ ಹೆಸರಿಗೇ ವಾಪಸು ಕಳಿಸಿದ್ದೇನೆ.


ಜುಲೈ 25

ಪುಟ್ಟಿ,

ಎರಡನೆಯದು ನಿಜ.

ಮಾರ್ಚ್ ಹನ್ನೊಂದಕ್ಕೆ ಫಿಲ್ಮ್ ಸಿಕ್ಕಿತ್ತು. ಕಿಟಕಿಗೆ ಹಿಡಿದು ನೋಡಿದೆ. ಡಾಕ್ಟರು ಈಗ ಹೇಳಿದ ಹಾಗೆಯೇ ಇತ್ತು. ಲಕೋಟೆಯ ಮೇಲೆ ನಿನ್ನ ವಿಳಾಸವನ್ನೂ ಬರೆದಿದ್ದೆ, ಕಳಿಸಲೆಂದು. ಫಿಲ್ಮಿನ ಹಿಂದೆ ಆಸ್ಪತ್ರೆಯವರು ಆವತ್ತು ಬರೆದ ಚೀಟಿ ಇತ್ತು: "ಸ್ಕೂಟರ್ ಓಡಿಸುತ್ತಿದ್ದ ಅಕ್ಕನ ಹೇಳಿಕೆಯಂತೆ, ವೇಗವಾಗಿ ತಿರುಗಿಸಿದಾಗ ಗಾಡಿ ಮಗುಚಿ ಬಿದ್ದದ್ದು". ಅದನ್ನು ಓದಿ, ಕಳಿಸದೆ ಬಚ್ಚಿಟ್ಟೆ. ನಾನು ಅಮ್ಮನಿಗೆ ಹೇಳಿದ್ದು ಬೇರೆ. ಗಾಡಿ ನಿಲ್ಲುವ ಮೊದಲೇ ನೀನು ದುಡುಕಿ ಹಾರಿದೆ ಎಂದಿದ್ದೆ. ನೀನು ಮಂಚದ ಮೇಲಿಂದ ಕೇಳಿಸಿಕೊಂಡೂ ಬಾಯಿ ಬಿಡಲಿಲ್ಲ. ಅದಕ್ಕೆ ನಾನು ನಿನಗೆ ಒಂದು ಸಲವೂ ಋಣಿ ಎಂದಿಲ್ಲ. ಬದಲಿಗೆ, ಮೂಳೆಗೆ ಏನೂ ಆಗಿಲ್ಲ ಎಂದುಕೊಂಡು ಬದುಕಿದೆ. ನೀನು ಸಹಜವಾಗಿ ಹೆತ್ತುಬಿಟ್ಟರೆ ಅದು ಸಾಬೀತಾಗುತ್ತದೆ ಎಂದು ಎಲ್ಲೋ ಒಳಗೆ ಲೆಕ್ಕ ಹಾಕಿದ್ದೆ ಎಂದು ಈಗ ಅನ್ನಿಸುತ್ತದೆ. ಸಾವಿರ ಹೆಂಗಸರ ಮಾತು ಕೇಳಿದವಳು ನಾನು, ಪುಟ್ಟಿ. ಅದು ಸುಳ್ಳಲ್ಲ. ನಿನ್ನ ಮಾತು ಮಾತ್ರ ಕೇಳಲು ಆಗಲಿಲ್ಲ.

ಗುಬ್ಬಿ ಸಿಸ್ಟರ್ ಬಗ್ಗೆ ಬರೆದದ್ದು ತಪ್ಪು. ಸಮಿತಿಗೆ ಕಳಿಸಿಯಾಗಿದೆ. ವಾಪಸು ತೆಗೆದುಕೊಂಡರೆ ಇಪ್ಪತ್ತು ವರ್ಷದ ಕೆಲಸ ಮಣ್ಣುಪಾಲಾಗುತ್ತದೆ. ಮುಂದಿನ ತಿಂಗಳು ಇನ್ನೂ ಹನ್ನೆರಡು ಆಸ್ಪತ್ರೆಗಳಿಗೆ ತರಬೇತಿ ಹರಡುತ್ತಿದೆ. ಅದರಿಂದ ಎಷ್ಟು ಹೆಂಗಸರಿಗೆ ಒಳ್ಳೆಯದಾಗುತ್ತದೆ, ಯೋಚಿಸು. ಈ ಕಾಗದ ನಮ್ಮಿಬ್ಬರ ನಡುವೆ ಇರಲಿ. ಕಾಲಿಗೆ ಬೀಳುತ್ತೇನೆ.

ಅಮ್ಮ ಬುಧವಾರ ಚಿಕ್ಕಮ್ಮನ ಮನೆಗೆಂದು ಹೋಗಿದ್ದಾಳೆ. ಪಾರ್ಸೆಲ್ ಬಂದದ್ದು ಅವಳಿಗೆ ಕಂಡಿಲ್ಲ ಎಂದುಕೊಂಡಿದ್ದೇನೆ. ಮರಳಿ ಬಂದ ಮೇಲೆ ಮೆಲ್ಲಗೆ ಎಲ್ಲ ಹೇಳುತ್ತೇನೆ.

ಅಕ್ಕ


ಆಗಸ್ಟ್ 4

ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿಲ್ಲ. ಇಲ್ಲಿದ್ದಾಳೆ. ಕಣ್ಣು ಕಾಣದವಳು ಎರಡು ಬಸ್ಸು ಬದಲಿಸಿ, ಕಂಡಕ್ಟರನ್ನು ಕೇಳಿ ಕೇಳಿ ಬಂದಿದ್ದಾಳೆ. ಪಾರ್ಸೆಲ್ ಬಾಗಿಲಲ್ಲಿ ಅವಳ ಕೈಗೇ ಸಿಕ್ಕಿತಂತೆ. ಅಂಗಿಗಳನ್ನು ಮೂಸಿ ನೋಡಿದಳಂತೆ. ಹಾಲಿನ ವಾಸನೆ ಇರಲಿಲ್ಲ. ಅಷ್ಟು ಸಾಕಾಯಿತು. ನಿನಗೆ ಹೇಳದೆ ಹೊರಟಳು.

ಬಂದ ದಿನ ನನ್ನ ಹೊಟ್ಟೆಯ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ ನೋಡಿದಳು. "ಯಾರು ಇದನ್ನ ಮಾಡ್ದವ್ರು?" ಎಂದಳು. ನಿನ್ನ ಕಾಗದ ಬಂದ ಮೇಲೆ ಅದನ್ನೇ ಓದಿ ಹೇಳಿದೆ. ಸ್ಕೂಟರಿನ ಭಾಗವನ್ನು ಇನ್ನೊಮ್ಮೆ ಓದು ಎಂದಳು. ಓದಿದೆ. ಏಳು ವರ್ಷ ನನ್ನನ್ನು ದುಡುಕಿನವಳು ಎಂದು ಎಲ್ಲರೆದುರು ಹೇಳಿಕೊಂಡು ಬಂದವಳು. ಎರಡು ದಿನ ಊಟ ಮಾಡಲಿಲ್ಲ.

ನಿನ್ನ ಕಾಗದ ನಮ್ಮಿಬ್ಬರ ನಡುವೆ ಇಲ್ಲ. ಶುಕ್ರವಾರ ವಿಚಾರಣಾ ಸಮಿತಿಯ ಮುಂದೆ ಇಟ್ಟೆ. ಮೂರು ಜನ ಕೂತಿದ್ದರು. ನಡುವಿನವರು ಕನ್ನಡಕ ತೆಗೆದು, "ಅಮ್ಮಾ, ಇವರು ನಿಮ್ಮ ಸ್ವಂತ ಅಕ್ಕ. ಇದನ್ನ ನಾವು ತಗೊಂಡ್ರೆ ಇನ್ನು ಅವರು ಯಾವ ಹೆರಿಗೆ ಕೋಣೆಗೂ ಕಾಲಿಡೋ ಹಾಗಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿ" ಎಂದರು. ಯೋಚನೆ ಮಾಡಿಯೇ ಬಂದಿದ್ದೇನೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ದುಃಖದಲ್ಲಿದ್ದೀರಿ, ಇದು ನಿಮ್ಮ ಮಾತಲ್ಲ" ಎಂದರು. ಆಗ ಗುಬ್ಬಿ ಸಿಸ್ಟರ್ ಎದ್ದು ನಿಂತು, "ಅದು ಅವರ ಮಾತೇ. ಬರ್ಕೊಳಿ" ಎಂದರು. ಬರೆದುಕೊಂಡರು. ನಾನು ಸಹಿ ಮಾಡಿದೆ.

ಗುಬ್ಬಿ ಸಿಸ್ಟರನ್ನು ಸೋಮವಾರದಿಂದ ಕೆಲಸಕ್ಕೆ ಕರೆದಿದ್ದಾರೆ. ಹೆಡ್ ಸಿಸ್ಟರ್ ರಜೆ ಹಾಕಿದ್ದಾರೆ. ನಿನಗೆ ನೋಟೀಸು ಈ ಕಾಗದಕ್ಕಿಂತ ಮೊದಲೇ ತಲುಪಿರುತ್ತದೆ. ನಿನ್ನ ತರಬೇತಿಯಿಂದ ಹೆಂಗಸರಿಗೆ ಒಳ್ಳೆಯದಾಗುತ್ತಿತ್ತು ಎಂಬುದು ನನಗೂ ಗೊತ್ತು. ಆ ಮಂಚದ ಮೇಲೆ ಅತ್ತ ಸಿಸ್ಟರ್ ನಿಜವಾಗಿಯೂ ಬದಲಾಗಿರಬಹುದು. ಅದನ್ನು ನಿಲ್ಲಿಸಿದವಳು ನಾನು. ಆ ಹೆಂಗಸರ ಶಾಪ ನನಗೇ ಬರಲಿ.

ಅಮ್ಮ ಇನ್ನು ಇಲ್ಲೇ ಇರುತ್ತಾಳೆ. ಅವಳ ಮಾತ್ರೆ, ಎರಡು ಜೊತೆ ಬಟ್ಟೆ, ಕನ್ನಡಕ ಕಳಿಸು. ನೀನು ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ನಮ್ಮನೆಯವರು ಹೇಳಿದ್ದಾರೆ. ನಾನೂ ತೆಗೆಯುವುದಿಲ್ಲ.

ಈ ಕಾಗದ ಬರೆಯುವಾಗ ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಏನೇನು ಬರೆದೆ ಎಂದು ಕೇಳಿದಳು. ಎಲ್ಲ ಓದಿದೆ. ಸೆರಗಿನ ಅಂಚು ಸುತ್ತುತ್ತಾ, "ಅವಳು ಕೆಟ್ಟವಳಲ್ಲ ಅಂತ ಒಂದ್ ಸಾಲು ಬರಿಯೇ" ಎಂದಳು.

ಬರೆದಿದ್ದೇನೆ. ಅದು ಅಮ್ಮನ ಮಾತು. ನನ್ನದಲ್ಲ.